ಎರಡು ಮಾರ್ಕಿನ ಸಾಲ

ಮೊನ್ನೆ ಭಾನುವಾರ ತಂಗಿಯ ಮಗಳು ದೇರೆಬೈಲಿನ ನಮ್ಮ ಮನೆಗೆ ಬಂದಿದ್ದಳು. ಇಂಜಿನಿಯರಿಂಗ್ ಮೊದಲ ವರ್ಷ. ಹೊರಗೆ ಧೋ ಅಂತ ಮಳೆ. ಊಟ ಆದ ಮೇಲೆ ನೋಟ್ಸ್ ಹಿಡ್ಕೊಂಡು ಬಂದು, "ಮಾವ, ಇದಕ್ಕೆ ಉತ್ತರ ಎಂತ?" ಅಂದಳು. ನೋಡಿದರೆ ಸಿ ಭಾಷೆಯ ಅದೇ ಹಳೇ ಪ್ರಶ್ನೆ!

ಐ = 5; ಜೆ = ++ಐ + ++ಐ + ++ಐ; ಈಗ ಜೆ ಎಷ್ಟು?

ಎದೆಯೊಳಗೆ ಏನೋ ಚುಚ್ಚಿದ ಹಾಗಾಯ್ತು. ಯಾಕೆ ಅಂತ ಹೇಳ್ತೇನೆ ಕೇಳಿ.

2004ನೇ ಇಸವಿ. ಆಗ ನಾನು ಒಂದು ಕಾಲೇಜಿನಲ್ಲಿ ಹೊಸ ಮೇಷ್ಟ್ರು. ಇಂಟರ್ನಲ್ಸ್‌ನಲ್ಲಿ ಇದೇ ಪ್ರಶ್ನೆ ಕೊಟ್ಟಿದ್ದೆ, ಎರಡು ಮಾರ್ಕಿಗೆ. ನನ್ನ ಪ್ರಕಾರ ಉತ್ತರ 24. ಒಬ್ಬ ಹುಡುಗ ಮಾತ್ರ "ಇದಕ್ಕೆ ಇಂಥದ್ದೇ ಉತ್ತರ ಅಂತ ಹೇಳಲು ಬರುವುದಿಲ್ಲ" ಅಂತ ಬರೆದಿದ್ದ. ಸೊನ್ನೆ ಸುತ್ತಿದೆ. ಅವನು ಕರ್ನಿಗನ್-ರಿಚಿ ಪುಸ್ತಕ ಹಿಡ್ಕೊಂಡು ಸ್ಟಾಫ್ ರೂಮಿಗೆ ಬಂದ. ಪುಸ್ತಕ ತೆರೆಯಲೂ ಬಿಡಲಿಲ್ಲ ನಾನು. "ಲ್ಯಾಬಿಗೆ ಹೋಗಿ ರನ್ ಮಾಡಿ ನೋಡು" ಅಂದೆ. ಟರ್ಬೊ ಸಿ 24 ಅಂತಲೇ ತೋರಿಸಿತು. ಹುಡುಗ ಏನೂ ಮಾತಾಡದೆ ಹೋದ. ಗೆದ್ದೆ ಅಂದ್ಕೊಂಡೆ...

ಕೆಲವು ವರ್ಷ ಕಳೆದು ಲಿನಕ್ಸ್‌ನಲ್ಲಿ ಅದೇ ಸಾಲು ಓಡಿಸಿದೆ. ಜಿಸಿಸಿ 22 ಅಂದಿತು. ಆಮೇಲೆ ಕ್ಲಾಂಗ್‌ನಲ್ಲಿ ನೋಡಿದರೆ 21! ಕಂಪೈಲರ್ ಯಾವುದೂ ಕೆಟ್ಟಿರಲಿಲ್ಲ. ಕೆಟ್ಟದ್ದು ನನ್ನ ಪ್ರಶ್ನೆ.

ನಾವು ಪಾಠ ಮಾಡುವ ಪ್ರಿಸಿಡೆನ್ಸ್, ಯಾವುದು ಯಾವುದರ ಜೊತೆ ಸೇರಬೇಕು ಅಂತ ಮಾತ್ರ ಹೇಳುತ್ತದೆ. ಯಾವ ಕೆಲಸ ಮೊದಲು ಅಂತ ಹೇಳುವುದಿಲ್ಲ. ಅದನ್ನು ಸಿ ಹೆಚ್ಚಿನ ಕಡೆ ಕಂಪೈಲರಿಗೇ ಬಿಟ್ಟಿದೆ, ಮೆಶಿನ್ನಿಗೆ ತಕ್ಕ ಹಾಗೆ ಚುರುಕಾದ ಕೋಡ್ ಮಾಡಿಕೊಳ್ಳಲಿ ಅಂತ. ಎರಡು ಬೇರೆ ಬೇರೆ ಪಾತ್ರೆಗೆ ಇಬ್ಬರು ಉಪ್ಪು ಹಾಕಿದರೆ ಯಾರು ಮೊದಲು ಹಾಕಿದರೇನು? ಒಂದೇ ಸಾರಿಗೆ ಇಬ್ಬರೂ ಹಾಕಿದರೆ ಮಾತ್ರ ಎಡವಟ್ಟು. ಹಾಗೆಯೇ, ನಡುವೆ ಸೀಕ್ವೆನ್ಸ್ ಪಾಯಿಂಟ್ ಇಲ್ಲದೆ ಒಂದೇ 'ಐ'ಯನ್ನು ಎರಡು ಸಲ ಬದಲಿಸಿದರೆ ಅದು ಅನ್‌ಡಿಫೈನ್ಡ್ ಬಿಹೇವಿಯರ್ ಅಂತ 1989ರ ಆನ್ಸಿ ಸ್ಟಾಂಡರ್ಡೇ ಹೇಳಿದೆ. 2011ರ ಸ್ಟಾಂಡರ್ಡಿನಲ್ಲಿ ಪದಗಳು ಬದಲಾದವು, ತೀರ್ಪು ಬದಲಾಗಲಿಲ್ಲ. ಅಂದರೆ 21, 22, 24ರಲ್ಲಿ ಯಾವುದೋ ಒಂದು ಬರಲೇಬೇಕು ಅಂತಲೂ ಇಲ್ಲ. ಏನು ಬಂದರೂ ಸಿ ಭಾಷೆ ಅದಕ್ಕೆ ಹೊಣೆಯಲ್ಲ. ಜಾವಾದಲ್ಲಾದರೆ ಎಡದಿಂದ ಬಲಕ್ಕೆ ಅಂತ ನಿಯಮವೇ ಇದೆ, ಅಲ್ಲಿ ಯಾವಾಗಲೂ 21.

ಲ್ಯಾಬಿನ ಆ 24 ಸುಳ್ಳಲ್ಲ. ಆದರೆ ಅದು ಆ ಕಂಪೈಲರಿನ ಅಭ್ಯಾಸ, ಭಾಷೆಯ ಮಾತಲ್ಲ. ಮೇಷ್ಟ್ರಾದ ನನಗೆ ಆ ವ್ಯತ್ಯಾಸ ಗೊತ್ತಿರಲಿಲ್ಲ, ಹುಡುಗನಿಗೆ ಗೊತ್ತಿತ್ತು.

ಇಷ್ಟೆಲ್ಲ ಕೇಳಿದ ಸೊಸೆ, "ಹಾಗಾದ್ರೆ ಎಕ್ಸಾಮಲ್ಲಿ ಎಂತ ಬರೆಯುದು ಮಾವ?" ಅಂದಳು.

"ಅನ್‌ಡಿಫೈನ್ಡ್ ಅಂತಲೇ ಬರಿ. ಕಾರಣವನ್ನೂ ಬರಿ."

"ನಿಮ್ಮ ಹಾಗಿನ ಸರ್ ಸಿಕ್ಕಿದ್ರೆ?"

ಏನು ಹೇಳಲಿ! "ಪುಸ್ತಕ ತಗೊಂಡು ಹೋಗು. ತೆರೆದು ತೋರಿಸುವವರೆಗೆ ಅಲ್ಲಿಂದ ಏಳಬೇಡ" ಅಂದೆ.

ಆ ಹುಡುಗ ಈಗ ಎಲ್ಲಿದ್ದಾನೋ ಗೊತ್ತಿಲ್ಲ. ಅಕಸ್ಮಾತ್ ಇದನ್ನು ಓದಿದರೆ... ಮಾರಾಯ, ನಿನ್ನ ಎರಡು ಮಾರ್ಕು ನನ್ನ ಹತ್ತಿರ ಬಾಕಿ ಇದೆ.