ಮರಿಯ ಹಲ್ಲು, ಮನೆಯವರ ಮನ

ಪಲ್ಲಕ್ಕಿಯಲ್ಲಿ ಕುಳ್ಳಿರಿಸಿದರೂ ಹಳೆಯ ಗುಣವನ್ನು ತೊರೆಯದ ನಾಯಿಗೆ ವಿಶ್ವಗುರು ಬಸವಣ್ಣನವರು ಹೋಲಿಸಿದ್ದು ಅನ್ಯರನ್ನಲ್ಲ, ತಮ್ಮ ಮನವನ್ನೇ. ಆ ವಚನದ ಇಂಗಿತವು ಮರಿಯಮ್ಮನಹಳ್ಳಿಯ ಸದ್ಭಕ್ತರೊಬ್ಬರ ಮನೆಯಲ್ಲಿ ತಿಳಿಯಾಯಿತು.

ಹೆದ್ದಾರಿಯ ಲಾರಿಗಳಿಗೆ ಅಂಜಿ, ಲಸಿಕೆಗಳು ಮುಗಿಯುವವರೆಗೆ ಅವರು ನಾಯಿಮರಿಯನ್ನು ಒಳಗೇ ಸಾಕುತ್ತಿದ್ದರು. ಮಲಮೂತ್ರಕ್ಕೆಂದು ಹಾಸಿದ ಪ್ಯಾಡನ್ನು ಅದು ದಿನವೂ ಹರಿದು ಚಿಂದಿಮಾಡುತ್ತಿತ್ತು. ಒಂದು ಮುಂಜಾನೆ ಇಷ್ಟಲಿಂಗಪೂಜೆ ಮುಗಿಸಿದ ಕೈಯೇ ಕೋಲನ್ನೆತ್ತಿತು. ಲಿಂಗ ಹಿಡಿದ ಕೈಗೆ ಅದು ಸಲ್ಲದೆಂದು ತಾಯಿ ತಡೆದರು.

ಸುಮಾರು 3ರಿಂದ 6 ತಿಂಗಳೊಳಗೆ ಮರಿಯ 28 ಹಾಲುಹಲ್ಲುಗಳು ಬಿದ್ದು 42 ಹಲ್ಲುಗಳು ಮೂಡುತ್ತವೆ. ಒಸಡಿನ ನವೆ, ಒಂಟಿತನದ ಬೇಸರ ಎರಡೂ ಅದನ್ನು ಹರಿಯಲು ಹಚ್ಚುತ್ತವೆ. ಅಟ್ಟಿಸಿಕೊಂಡು ಹೋದರೆ ಅದಕ್ಕೆ ಆಟ. ಹೊಡೆದರೆ ಮರೆಯಲ್ಲಿ ಹೇಸಿಗೆ ಮಾಡುವುದನ್ನು ಕಲಿಯುತ್ತದೆ. ಇದನ್ನರಿತು ಅವರು ಪ್ಯಾಡಿನ ಅಂಚುಗಳನ್ನು ಚೌಕಟ್ಟಿನಲ್ಲಿ ಬಿಗಿದರು. ಅಗಿಯಲು ರಬ್ಬರಿನ ಆಟಿಕೆಯಿತ್ತರು. ಸರಿಯಾದೆಡೆ ಕುಳಿತೊಡನೆ ರೊಟ್ಟಿಯ ತುಣುಕು ಕೊಟ್ಟು ಮೈದಡವಿದರು. ನುಂಗಿದ ಚೂರು ಕರುಳನ್ನು ಕಟ್ಟಬಹುದಾದ್ದರಿಂದ ಕಣ್ಣಿಟ್ಟು ಕಾದರು. ದಿನಗಳೆದಂತೆ ಹರಿಯುವುದು ನಿಂತಿತು.

ಮರಿಯ ಗುಣವನ್ನು ಹಳಿಯುವ ಮುನ್ನ ತನ್ನ ಕೋಪದ ಗುಣವನ್ನು ಕಾಣಬೇಕು. ಬಸವಣ್ಣನವರು ಮನವನ್ನು ಹಳಿದರೂ ಕೊನೆಗೆ ಬೇಡಿದ್ದು ಕೂಡಲಸಂಗಮನ ಕರುಣೆಯನ್ನೇ. ಬೇಡಿ ಪಡೆದ ಆ ಕರುಣೆ ಮೂಕಜೀವಿಗೂ ಸಲ್ಲಬೇಕಲ್ಲವೆ?