ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ?

ಮಕ್ಕಳೇ, ಇವತ್ತು ಬೆಳಿಗ್ಗೆ ನೀವು ಸ್ನಾನ ಮಾಡಿದ ನೀರು ಈಗ ಎಲ್ಲಿದೆ? ಹೇಳಿ ನೋಡೋಣ.

ಜಾವಗಲ್, ಅರಸೀಕೆರೆ ಕಡೆಯ ಎಷ್ಟೋ ಮನೆಗಳಲ್ಲಿ ಇದಕ್ಕೆ ಉತ್ತರ ಸುಲಭ. ಹಿತ್ತಲಿನ ತೆಂಗಿನ ಮರದ ಬುಡದಲ್ಲಿದೆ! ನಮ್ಮ ಮನೆಯಲ್ಲೂ ಹಾಗೆಯೇ. ಬಚ್ಚಲ ನೀರು ಸಣ್ಣ ಕಾಲುವೆಯಲ್ಲಿ ಹರಿದು ಮರದ ಪಾತಿ ಸೇರುತ್ತದೆ. ಸಂಜೆಯ ಹೊತ್ತಿಗೆ ಪಾತಿ ಆರಿರುತ್ತದೆ, ವಾಸನೆಯೂ ಇರುವುದಿಲ್ಲ. ಹಾಗಾದರೆ ಕೊಳೆ ಎಲ್ಲಿ ಹೋಯಿತು? ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ತಿಂದುಬಿಟ್ಟವು. ಬರಿಗಣ್ಣಿಗೆ ಕಾಣದ ಈ ಜೀವಿಗಳಿಗೂ ನಮ್ಮಂತೆಯೇ ಆಮ್ಲಜನಕ ಬೇಕು.

ಒಂದು ಮನೆಯ ನೀರಾದರೆ ಒಂದು ಮರದ ಪಾತಿ ಸಾಕು. ಸಾವಿರ ಮನೆಗಳ ನೀರು ಒಂದೇ ಚರಂಡಿಯಲ್ಲಿ ಬಂದರೆ? ಅದು ಹಳ್ಳಕ್ಕೋ ಕೆರೆಗೋ ನದಿಗೋ ಸೇರುತ್ತದೆ. ನಮಗೆ ಹತ್ತಿರದ ನದಿ ಯಗಚಿ. ಬಾಬಾಬುಡನ್‌ಗಿರಿಯ ಕಡೆ ಹುಟ್ಟಿ, ಬೇಲೂರನ್ನು ಹಾದು ಹೇಮಾವತಿಯನ್ನು ಸೇರುತ್ತದೆ. ಹೇಮಾವತಿ ಕಾವೇರಿಯನ್ನು ಸೇರುತ್ತದೆ. ಬೇಲೂರಿಗೆ ಹೋದಾಗಲೆಲ್ಲ ನಾನು ಯಗಚಿಯ ದಡದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಒಂದು ಮೀನು ಕಂಡರೂ ಸಂತೋಷವಾಗುತ್ತದೆ. ಏಕೆಂದರೆ ಮೀನು ಬದುಕಿದೆ ಎಂದರೆ ನೀರಿನಲ್ಲಿ ಆಮ್ಲಜನಕವಿದೆ ಎಂದರ್ಥ.

ಈಗ ಒಂದು ಲೆಕ್ಕ ಮಾಡೋಣ. ಒಂದು ಲೀಟರ್ ಶುದ್ಧ ನದಿ ನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ ಮಾತ್ರ. ಒಂದು ಲೀಟರ್ ಕೊಳಚೆ ನೀರಿನ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗಳಿಗೆ 200ರಿಂದ 300 ಮಿಲಿಗ್ರಾಂ ಬೇಕು. 240 ಎಂದಿಟ್ಟುಕೊಳ್ಳಿ. 240ನ್ನು 8ರಿಂದ ಭಾಗಿಸಿ. ಒಂದು ಲೀಟರ್ ಕೊಳಚೆ, 30 ಲೀಟರ್ ನದಿ ನೀರಿನ ಆಮ್ಲಜನಕವನ್ನು ಖಾಲಿ ಮಾಡಬಲ್ಲದು! ಹರಿಯುವ ನದಿ ಗಾಳಿಯಿಂದ ಮತ್ತೆ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ ನಿಜ. ಆದರೆ ನಿಧಾನವಾಗಿ. ಬೇಸಿಗೆಯಲ್ಲಿ ನದಿ ಬತ್ತಿದಾಗ ಕೊಳಚೆ ಹೆಚ್ಚಾದರೆ ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ನೀರು ಕಪ್ಪಾಗಿ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ.

ಇದಕ್ಕೆ ಉಪಾಯವೇನು? ನದಿ ಮಾಡಬೇಕಾದ ಕೆಲಸವನ್ನು ನದಿಗೆ ಬಿಡುವ ಮೊದಲೇ ಮಾಡಿ ಮುಗಿಸುವುದು. ಕೊಳಚೆ ನೀರು ಶುದ್ಧೀಕರಣ ಘಟಕ ಮಾಡುವುದು ಇದನ್ನೇ. ಅಲ್ಲಿ ಮೊದಲು ಜಾಲರಿಯಿಂದ ಕಸ ತೆಗೆಯುತ್ತಾರೆ. ಅನೇಕ ಘಟಕಗಳಲ್ಲಿ ಆಮೇಲೆ ತೊಟ್ಟಿಯೊಳಗೆ ಗಾಳಿ ಊದುತ್ತಾರೆ. ಗಾಳಿ ಸಿಕ್ಕಿದ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿಂದು, ಕೆಸರಿನ ಮುದ್ದೆಗಳಾಗಿ ತಳಕ್ಕೆ ಇಳಿಯುತ್ತವೆ. ಮೇಲಿನ ತಿಳಿನೀರನ್ನು ಹೊರಗೆ ಬಿಡುತ್ತಾರೆ. ಅದು ಕುಡಿಯುವ ನೀರಲ್ಲ, ನೆನಪಿರಲಿ. ಈ ವಿಧಾನವನ್ನು 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬುವರು ಪ್ರಕಟಿಸಿದರು. ಅವರಿಗೆ ಮಾರ್ಗದರ್ಶನ ನೀಡಿದ ಗಿಲ್ಬರ್ಟ್ ಫೌಲರ್ ಮುಂದೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು!

ಇಷ್ಟೆಲ್ಲ ಯಂತ್ರ ಸಣ್ಣ ಊರಿಗೆ ಸಾಧ್ಯವೇ ಎಂದು ಕೇಳುತ್ತೀರಾ? ಒಳಚರಂಡಿ ಇಲ್ಲದ ಊರುಗಳಲ್ಲಿ ಶೌಚಾಲಯದ ಗುಂಡಿ ತುಂಬಿದಾಗ ಟ್ಯಾಂಕರ್ ತರಿಸುತ್ತಾರೆ. ಆ ಮಲದ ಕೆಸರನ್ನು ಹಳ್ಳಕ್ಕೆ ಸುರಿದರೆ ರೋಗ ಹರಡುತ್ತದೆ. ಬೆಂಗಳೂರಿನ ಪಕ್ಕದ ದೇವನಹಳ್ಳಿಯಲ್ಲಿ 2015ರಲ್ಲಿ ಇದಕ್ಕಾಗಿಯೇ ಒಂದು ಘಟಕ ಆರಂಭವಾಯಿತು. ದಿನಕ್ಕೆ 6,000 ಲೀಟರ್ ಸಂಸ್ಕರಿಸುವಂತೆ ಅದನ್ನು ಕಟ್ಟಿದರು. ಅಲ್ಲಿ ಕೆಸರು ಒಂದು ತೊಟ್ಟಿಯಿಂದ ಮತ್ತೊಂದಕ್ಕೆ ಇಳಿಜಾರಿನಲ್ಲಿ ತಾನಾಗಿಯೇ ಹರಿಯುತ್ತದೆ. ಬೇರ್ಪಟ್ಟ ನೀರು ಗಿಡ ನೆಟ್ಟ ಜಲ್ಲಿಕಲ್ಲಿನ ಹಾಸನ್ನು ದಾಟುತ್ತದೆ. ಒಣಗಿದ ಕೆಸರನ್ನು ಊರಿನ ಹಸಿಕಸದ ಜೊತೆ ಕೊಳೆಸಿ ಗೊಬ್ಬರ ಮಾಡುತ್ತಾರೆ. ತೆಂಗಿನ ಪಾತಿಯ ಪಾಠವೇ ಇಲ್ಲಿಯೂ ಇದೆ, ಅಲ್ಲವೇ?

ನೀವೂ ಒಂದು ಕೆಲಸ ಮಾಡಿ. ಬಿಸಿಯೂಟದ ನಂತರ ಶಾಲೆಯಲ್ಲಿ ಕೈತೊಳೆದ ನೀರು ಎಲ್ಲೆಲ್ಲಿ ಹರಿಯುತ್ತದೆ ಎಂದು ಶಿಕ್ಷಕರ ಜೊತೆ ಹೋಗಿ ನೋಡಿ. ಚರಂಡಿಯ ನೀರನ್ನು ಮುಟ್ಟಬೇಡಿ. ದಾರಿಯ ನಕ್ಷೆಯನ್ನು ಪುಸ್ತಕದಲ್ಲಿ ಬರೆಯಿರಿ. ಅದು ಗಿಡದ ಪಾತಿಯಲ್ಲಿ ಮುಗಿಯುತ್ತದೆಯೋ, ಊರಿನ ಕೆರೆಯಲ್ಲಿ ಮುಗಿಯುತ್ತದೆಯೋ? ಕೆರೆಯಲ್ಲಾದರೆ, ಅದನ್ನು ಪಾತಿಯ ಕಡೆಗೆ ತಿರುಗಿಸಲು ಒಂದು ಗುದ್ದಲಿ ಸಾಕೇ ಎಂದು ನಿಮ್ಮ ಮೇಷ್ಟ್ರನ್ನು ಕೇಳಿ.