ದೇವಾಲಯದ ಹೊರಗೆ ಮಲಗಿದ ಚಕ್ರವರ್ತಿ

ಮಾಸ್ಕೋ ನಗರದಿಂದ ಈಶಾನ್ಯಕ್ಕೆ ಸುಮಾರು ೭೦ ಕಿಲೋಮೀಟರು ರೈಲಿನಲ್ಲಿ ಹೋದರೆ ಸೆರ್ಗಿಯೆವ್ ಪೊಸಾದ್ ಎಂಬ ಊರು ಸಿಕ್ಕುವುದು. ಹದಿನಾಲ್ಕನೆಯ ಶತಮಾನದಲ್ಲಿ ಸಂತ ಸೆರ್ಗಿಯನು ಕಾಡಿನ ನಡುವೆ ಸ್ಥಾಪಿಸಿದ ತ್ರಿಯೇಕ ದೇವರ ಮಠವು ಅಲ್ಲಿದೆ. ಹೆಸರಿಗೆ ಮಠ, ನೋಟಕ್ಕೆ ಕೋಟೆ. ಅದರ ನಡುವೆ ೧೫೮೫ರಲ್ಲಿ ಪ್ರತಿಷ್ಠೆಯಾದ ಮಹಾದೇವಾಲಯವು ನೀಲಿಯ ಗುಮ್ಮಟಗಳ ಮೇಲೆ ಹೊನ್ನಿನ ನಕ್ಷತ್ರಗಳನ್ನು ತಳೆದು ನಿಂತಿದೆ. ಅದರ ಸೊಬಗನ್ನು ನೋಡುತ್ತ ಒಳಹೊಗುವ ಯಾತ್ರಿಕನು ಹೊರಗೋಡೆಯ ಮಗ್ಗುಲಲ್ಲಿರುವ ತಗ್ಗಾದ ಗೋರಿಯ ಮನೆಯನ್ನು ಗಮನಿಸದೆ ದಾಟಿಹೋಗುವುದೇ ಹೆಚ್ಚು. ಅದರೊಳಗೆ ಮಲಗಿರುವವನು ರುಷ್ಯ ದೇಶವನ್ನು ೧೫೯೮ರಿಂದ ೧೬೦೫ರವರೆಗೆ ಆಳಿದ ಜಾರ್ ಚಕ್ರವರ್ತಿ ಬೊರೀಸ್ ಗೊದುನೋವ್. ಜತೆಗೆ ಅವನ ಹೆಂಡತಿ, ಮಗ, ಮಗಳು.

ಆ ಕಾಲದ ಜಾರರಿಗೆ ಮಾಸ್ಕೋವಿನ ಅರಮನೆಯ ಕೋಟೆಯೊಳಗೆ, ಪ್ರಧಾನ ದೇವದೂತನ ದೇವಾಲಯದಲ್ಲಿ, ಅಂತ್ಯವಿಶ್ರಾಂತಿ. ಬೊರೀಸನನ್ನೂ ಮೊದಲು ಅಲ್ಲಿಯೇ ಹೂಳಿದ್ದರು. ಎರಡು ತಿಂಗಳೊಳಗಾಗಿ ಅವನನ್ನು ಅಗೆದು ತೆಗೆದು, ನಗರದ ಬಡಮಠವೊಂದರಲ್ಲಿ ಹುಗಿದರು. ಸತ್ತವನ ಮೇಲೆ ಇಷ್ಟು ಕೋಪವೇಕೆಂದು ವಾಚಕರು ಕೇಳಬಹುದು.

ಕಾರಣವು ವೋಲ್ಗಾ ನದಿಯ ದಡದ ಉಗ್ಲಿಚ್ ಎಂಬ ಸಣ್ಣ ಪಟ್ಟಣದಲ್ಲಿದೆ. ಭಯಂಕರನೆಂದು ಹೆಸರಾದ ಇವಾನನ ಕಿರಿಯ ಮಗ ದ್ಮಿತ್ರಿ, ಎಂಟು ವರ್ಷದ ಬಾಲಕ, ೧೫೯೧ನೆಯ ಮೇ ತಿಂಗಳಲ್ಲಿ ಅಲ್ಲಿಯ ಅರಮನೆಯಂಗಳದಲ್ಲಿ ಕೊರಳು ಕೊಯ್ದು ಸತ್ತುಬಿದ್ದಿದ್ದನು. ಗಂಟೆ ಬಾರಿಸಿತು, ಜನರು ಸೇರಿ ರಾಜಾಧಿಕಾರಿಗಳನ್ನು ಕೊಂದರು. ಆಗ ಪಟ್ಟದಲ್ಲಿದ್ದವನು ದ್ಮಿತ್ರಿಯ ಅಣ್ಣ, ಸಾಧುಸ್ವಭಾವದ ಫ್ಯೋದರ್. ರಾಜ್ಯಭಾರವನ್ನು ನಡೆಸುತ್ತಿದ್ದವನು ಮಾತ್ರ ಫ್ಯೋದರನ ಪತ್ನಿಯ ಸೋದರನಾದ ಬೊರೀಸನೇ. ಅವನು ಕಳುಹಿಸಿದ ವಿಚಾರಣೆಗಾರರ ಮುಖ್ಯಸ್ಥನಾದ ವಸೀಲಿ ಶುಯಿಸ್ಕಿಯು, ಬಾಲಕನು ಚಾಕುವಿನ ಆಟದಲ್ಲಿದ್ದಾಗ ಮೂರ್ಛೆರೋಗ ಬಂದು ತಾನೇ ಇರಿದುಕೊಂಡನೆಂದು ತೀರ್ಪಿತ್ತನು. ಜನರಿಗೆ ಶಿಕ್ಷೆಯಾಯಿತು, ಗಂಟೆಗೂ ಆಯಿತು! ಅದಕ್ಕೆ ಛಡಿಯೇಟು ಹೊಡೆಸಿ, ನಾಲಗೆಯನ್ನು ಕಿತ್ತು, ಕಿವಿಯನ್ನು ಕಡಿದು, ಸೈಬೀರಿಯದ ತೊಬೋಲ್ಸ್ಕಿಗೆ ಗಡೀಪಾರು ಮಾಡಿದರಂತೆ. ೧೮೯೨ರಲ್ಲಿ ಅದು ಉಗ್ಲಿಚಿಗೆ ಮರಳಿತು. ತೊಬೋಲ್ಸ್ಕಿನ ಬೆಂಕಿಯಲ್ಲಿ ಹಳೆಯ ಗಂಟೆ ಕರಗಿಹೋಯಿತು, ಇದು ಬೇರೆ ಎನ್ನುವವರೂ ಉಂಟು.

ಶುಯಿಸ್ಕಿಯ ಮಾತು ಅಲ್ಲಿಗೆ ನಿಲ್ಲಲಿಲ್ಲ. ೧೬೦೫ರಲ್ಲಿ, ತಾನೇ ಬದುಕುಳಿದ ದ್ಮಿತ್ರಿಯೆಂದು ಹೇಳಿಕೊಂಡು ಒಬ್ಬ ಕಪಟಿ ದಂಡೆತ್ತಿ ಬಂದಾಗ, ಅಹುದು ಇವನೇ ರಾಜಪುತ್ರನೆಂದನು. ಮರುವರ್ಷ ಆ ಕಪಟಿ ಕೊಲೆಯಾಗಿ, ತಾನೇ ಪಟ್ಟವೇರಿದ ಮೇಲೆ, ಬಾಲಕನನ್ನು ಬೊರೀಸನೇ ಕೊಲ್ಲಿಸಿದನೆಂದು ಸಾರಿಸಿದನು. ಆಪ್ತವಾಕ್ಯವು ಪ್ರಮಾಣವೆಂದು ನಮ್ಮ ನೈಯಾಯಿಕರು ಹೇಳುವರು. ಒಂದೇ ಬಾಯಿ ಮೂರು ಬಗೆಯಾಗಿ ನುಡಿದರೆ ಯಾವುದನ್ನು ಹಿಡಿಯೋಣ? ಲೋಕವು ಹಿಡಿದದ್ದು ಮೂರನೆಯದನ್ನು. ಪುಷ್ಕಿನ್ ಕವಿಯ ನಾಟಕವೂ ಮುಸೋರ್ಗ್ಸ್ಕಿಯ ಸಂಗೀತರೂಪಕವೂ ಅದನ್ನೇ ಮನೆಮನೆಗೆ ಮುಟ್ಟಿಸಿದುವು. ಈಚಿನ ಅನೇಕ ಚರಿತ್ರಕಾರರು ಮೊದಲನೆಯ ವರದಿಯನ್ನೇ ನಂಬಲರ್ಹವೆಂದು ಎಣಿಸುತ್ತಾರೆ. ನನಗೂ ಹಾಗೆಯೇ ತೋರುವುದು.

ಬೊರೀಸನು ನಿರ್ದೋಷಿಯಾದ ಅರಸನೆಂದು ನಾನು ಹೇಳುತ್ತಿಲ್ಲ. ಓಡಿಹೋದ ಒಕ್ಕಲುಮಕ್ಕಳನ್ನು ಐದು ವರ್ಷದವರೆಗೆ ಹುಡುಕಿ ಒಡೆಯನಿಗೆ ಮರಳಿಸಬೇಕೆಂಬ ೧೫೯೭ರ ಶಾಸನವು ಅವನು ರಾಜ್ಯಸೂತ್ರವನ್ನು ಹಿಡಿದಿದ್ದಾಗಲೇ ಹೊರಟಿತು. ಆ ಸಂಕೋಲೆ ಬಹುಕಾಲ ಕಳಚಲಿಲ್ಲ. ಆದರೂ ಸ್ಮೊಲೆನ್ಸ್ಕಿನ ಮಹಾಪ್ರಾಕಾರವನ್ನು ಕಟ್ಟಿಸಿದವನು ಅವನು. ಮಾಸ್ಕೋವಿನ ಮಹಾ ಇವಾನ ಗಂಟೆಗೋಪುರವನ್ನು ೧೬೦೦ರಲ್ಲಿ ಇಂದಿನ ೮೧ ಮೀಟರು ಎತ್ತರಕ್ಕೆ ಏರಿಸಿದವನೂ ಅವನೇ. ಮೂವತ್ತು ವರ್ಷ ಹಲಗೆಯ ಮುಂದೆ ನಿಂತವನಾದುದರಿಂದ ನನ್ನ ಮನಸ್ಸು ಇನ್ನೊಂದು ಕಾರ್ಯದ ಕಡೆಗೆ ಹರಿಯುವುದು: ವಿದ್ಯೆ ಕಲಿತು ಬರಲೆಂದು ಅವನು ಹದಿನೆಂಟು ಮಂದಿ ತರುಣರನ್ನು ಪಶ್ಚಿಮದೇಶಗಳಿಗೆ ಕಳುಹಿಸಿದನು. ಅಷ್ಟರಲ್ಲಿ ದೇಶವೇ ಕದಡಿಹೋದುದರಿಂದ ಅವರಲ್ಲಿ ಬಹುಮಟ್ಟಿಗೆ ಯಾರೂ ಹಿಂದಿರುಗಲಿಲ್ಲ. ಇಂಗ್ಲೆಂಡಿಗೆ ಹೋದವರಲ್ಲೊಬ್ಬನು ಅಲ್ಲಿಯೇ ಪಾದ್ರಿಯಾದನು.

ಕದಡಿಸಿದ್ದು ಹಸಿವು. ೧೬೦೧ರ ಬೇಸಗೆ ಬಿಡದ ಮಳೆಯಲ್ಲಿ ಕಳೆಯಿತು. ಅಕಾಲದ ಹಿಮಕ್ಕೆ ಪೈರು ಸುಟ್ಟಿತು. ಹಿಂದಿನ ವರ್ಷ ಪೆರು ದೇಶದ ಅಗ್ನಿಪರ್ವತವೊಂದು ಸಿಡಿದು ಆಕಾಶಕ್ಕೆ ಹರಡಿದ ಧೂಳೇ ಅದಕ್ಕೆ ಕಾರಣವಿರಬೇಕೆಂದು ವಿಜ್ಞಾನಿಗಳು ಊಹಿಸುತ್ತಾರೆ. ಬೊರೀಸನು ಕಣಜಗಳನ್ನು ತೆರೆಸಿ ಹಣವನ್ನೂ ಧಾನ್ಯವನ್ನೂ ಹಂಚಿಸಿದನು. ಆ ಸುದ್ದಿ ಕೇಳಿ ಹಳ್ಳಿಹಳ್ಳಿಯವರು ಮಾಸ್ಕೋವಿಗೆ ಹೊರಟರು. ಎಷ್ಟೋ ಮಂದಿ ದಾರಿಯಲ್ಲೇ ಬಿದ್ದರು. ಈ ಮಠದ ಉಗ್ರಾಣದ ಅಧಿಕಾರಿಯಾಗಿದ್ದ ಪಾಲಿತ್ಸಿನ್ ಎಂಬ ಯತಿಯು ರಾಜಧಾನಿಯೊಂದರಲ್ಲೇ ೧,೨೭,೦೦೦ ಹೆಣಗಳನ್ನು ಹೂಳಿದರೆಂದು ಬರೆದಿಟ್ಟಿದ್ದಾನೆ. ಮಗುವಿನ ರಕ್ತ ಕೂಗುತ್ತಿದೆ, ಅದಕ್ಕೇ ದೇವರು ಮಳೆಬೆಳೆಗಳನ್ನು ಕೆಡಿಸಿದನೆಂದು ಜನರಾಡಿಕೊಂಡರು. ಜನಾಪವಾದಕ್ಕೆ ಉತ್ತರ ಕೊಡಬಲ್ಲ ಅರಸನು ಯಾವ ದೇಶದಲ್ಲಿದ್ದಾನೆ?

೧೬೦೫ರ ಏಪ್ರಿಲಿನಲ್ಲಿ ಅವನು ತೀರಿಕೊಂಡನು. ಜೂನಿನಲ್ಲಿ ಅವನ ಹೆಂಡತಿಯನ್ನೂ ಹದಿನಾರು ವರ್ಷದ ಮಗ ಫ್ಯೋದರನನ್ನೂ ಕೊಂದರು. ಈ ಹುಡುಗನು ಬರೆದ ನಕ್ಷೆಯನ್ನು ಆಧರಿಸಿದ ರುಷ್ಯದ ಭೂಪಟವೊಂದು, ಅವನು ಹೋದ ಕೆಲವು ವರ್ಷಗಳ ಮೇಲೆ, ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ತಂದೆ, ತಾಯಿ, ಮಗ ಮೂವರನ್ನೂ ೧೬೦೬ರಲ್ಲಿ ಬಡಮಠದಿಂದ ಇಲ್ಲಿಗೆ ತರಿಸಿದವನು ಶುಯಿಸ್ಕಿಯೇ. ಅದೇ ವರ್ಷ ಉಗ್ಲಿಚಿನ ಬಾಲಕನನ್ನು ಮಾಸ್ಕೋವಿನ ರಾಜಸಮಾಧಿಗಳ ನಡುವೆ ಇರಿಸಿದವನೂ ಅವನೇ. ಬೊರೀಸನ ಗೋರಿ ಮೊದಲು ದೇವಾಲಯದ ಮುಖಮಂಟಪದೊಳಗಿದ್ದಿತು. ಮುಂದೆ ಮಂಟಪವನ್ನು ಕೆಡವಿದ್ದರಿಂದ ಬಯಲಿಗೆ ಬಿದ್ದಿತು.

ಮಗಳು ಕ್ಸೇನಿಯಾಳನ್ನು ಸನ್ಯಾಸಿನಿಯನ್ನಾಗಿ ಮಾಡಿ ಓಲ್ಗಾ ಎಂದು ಹೆಸರಿಟ್ಟರು. ೧೬೦೮ರಿಂದ ೧೬೧೦ರವರೆಗೆ ಪೋಲೆಂಡಿನವರ ಸೇನೆ ಈ ಮಠವನ್ನು ಮುತ್ತಿದ್ದಾಗ ಆಕೆಯೂ ಗೋಡೆಗಳೊಳಗೆ ಸಿಕ್ಕಿಕೊಂಡಿದ್ದಳು. ೧೬೨೨ರಲ್ಲಿ ಕಾಲವಾದ ಆಕೆಯನ್ನು ತಂದೆತಾಯಿಗಳ ಬಳಿಯಲ್ಲೇ ಹೂಳಿದರು. ಆಕೆಯ ಕೈಯದೆಂದು ಹೇಳುವ ಕಸೂತಿಯ ವಸ್ತ್ರಗಳು ಈ ಊರಿನ ವಸ್ತುಸಂಗ್ರಹಾಲಯದಲ್ಲಿವೆ.